ಅವನೊಬ್ಬನಿಗೇ ಕೇಳುತ್ತಿದ್ದ ಡೋಲಕ್

ನಮ್ಮ ಪಾರ್ಟಿಯಲ್ಲಿ ಇದ್ದವರು ನಾಲ್ಕೇ ಜನ. ಹಾಡಲು ಅಣ್ಣಾಸಾಬ, ಬ್ಯಾಂಜೋ ನುಡಿಸಲು ದುರಗಪ್ಪ, ಕೀಬೋರ್ಡಿಗೆ ನಾನು, ಡೋಲಕ್ಕಿಗೆ ಸಿದರಾಯ ಕಾಕಾ. ಬೋರ್ಡಿನ ಮೇಲೆ ದೊಡ್ಡದಾಗಿ ಆರ್ಕೆಸ್ಟ್ರಾ ಎಂದು ಬರೆಸಿದ್ದೆವು. ಜನ ಮಾತ್ರ ಬ್ಯಾಂಜೋ ಪಾರ್ಟಿ ಎಂದೇ ಕರೆಯುತ್ತಿದ್ದರು. ಐನಾಪುರ, ಶಿರಗುಪ್ಪಿ, ಕಾಗವಾಡದ ಮದುವೆಗಳು ನಮ್ಮ ಕೈಯಲ್ಲಿದ್ದವು. ಸುಗ್ಗಿ ಚೆನ್ನಾಗಿದ್ದ ವರ್ಷ ಚಿಕ್ಕೋಡಿ, ನಿಪ್ಪಾಣಿಯವರೂ ಹುಡುಕಿಕೊಂಡು ಬರುತ್ತಿದ್ದರು. ಈ ನಾಲ್ವರಲ್ಲಿ ಒಬ್ಬನಿಗೆ ನಾನು ಎರಡು ವರ್ಷ ಮೋಸ ಮಾಡಿದೆ. ಅದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಸಿದರಾಯ ನನಗೆ ಸ್ವಂತ ಕಾಕಾ ಅಲ್ಲ, ಓಣಿಯ ಕಾಕಾ. ಒಂದೂವರೆ ಎಕರೆ ಹೊಲ, ಎಂಟೊಂಬತ್ತು ಆಡು, ಹೆಂಡತಿ ಲಗಮವ್ವ, ಒಬ್ಬಳೇ ಮಗಳು ಸಾವಕ್ಕ. ಇಷ್ಟು ಅವನ ಸಂಸಾರ. ನನಗೆ ತಾಳ ಕಲಿಸಿದವನು ಅವನೇ. ಆಡು ಮೇಯಿಸಲು ಹೋದಲ್ಲಿಗೆ ನನ್ನನ್ನೂ ಕರೆದುಕೊಂಡು ಹೋಗಿ, ಎದುರಿಗೆ ಕೂಡಿಸಿಕೊಂಡು, ನನ್ನ ತೊಡೆಯ ಮೇಲೆ ತನ್ನ ಕೈಯಿಂದ ಬಾರಿಸಿ ಕಲಿಸಿದ್ದ. ತಪ್ಪಿದರೆ ಅದೇ ತೊಡೆಗೆ ಜೋರಾಗಿ ಒಂದು ಬೀಳುತ್ತಿತ್ತು. ಅವನ ಡೋಲಕ್ಕಿಗೆ ಒಂದು ಗುಣವಿತ್ತು. ಹಾಡು ಶುರುವಾದಾಗ ಇದ್ದ ವೇಗ ಮುಗಿಯುವಾಗ ಇರುತ್ತಿರಲಿಲ್ಲ. ಎರಡನೆಯ ನುಡಿಯಿಂದ ಮೆಲ್ಲಗೆ ಏರಿಸುತ್ತ ಬಂದು, ಕೊನೆಯ ಸಾಲಿಗೆ ಕುಳಿತ ಮುದುಕರೂ ಎದ್ದು ನಿಲ್ಲುವಂತೆ ಮಾಡುತ್ತಿದ್ದ. ಎಷ್ಟು ಏರಿಸಬೇಕೆಂಬುದನ್ನು ಅವನು ಜನರ ಮುಖ ನೋಡಿ ಗೊತ್ತುಮಾಡುತ್ತಿದ್ದ. ನಾವು ಮೂವರು ಅವನ ಹಿಂದೆ ಓಡುತ್ತಿದ್ದೆವು.

ತೊಂಬತ್ತೈದರಲ್ಲಿ ಗಾಳಿ ಬದಲಾಯಿತು. ಅಥಣಿ ಕಡೆಯ ಒಂದು ಪಾರ್ಟಿ ರಿದಮ್ ಮಶೀನು ತಂದಿತು. ಅಂಗೈಯಗಲದ ಎರಡು ಡಬ್ಬಿ ಸೇರಿಸಿದಷ್ಟು ದೊಡ್ಡದು, ಗುಂಡಿ ಒತ್ತಿದರೆ ಡೋಲಕ್, ತಬಲಾ, ಡ್ರಮ್ಮು ಎಲ್ಲವೂ ಅದರೊಳಗಿಂದಲೇ. ಎದೆಯೊಳಗೆ ಗುದ್ದುವಂಥ ಆ ಸದ್ದು ಒಮ್ಮೆ ಕೇಳಿದ ಜನ ಬರೀ ಡೋಲಕ್ಕಿನ ಪಾರ್ಟಿಯನ್ನು ಕಣ್ಣೆತ್ತಿ ನೋಡದಂತಾದರು. ಆ ವರ್ಷ ಕೈಗೆ ಬಂದಿದ್ದ ಮೂರು ಮದುವೆ ತಪ್ಪಿಹೋದವು. ಅಣ್ಣಾಸಾಬ ದ್ರಾಕ್ಷಿ ತೋಟದವನು, ಸಾಮಾನೆಲ್ಲ ಅವನದೇ. ಹಾಡುವುದಕ್ಕಿಂತ ಹೆಸರಿನ ಮೇಲೆ ಅವನಿಗೆ ಮೋಹ ಹೆಚ್ಚು. ನನ್ನನ್ನು ಮೋಟಾರ್ ಸೈಕಲ್ಲಿನ ಹಿಂದೆ ಹತ್ತಿಸಿಕೊಂಡು ಮಿರಜಕ್ಕೆ ಹೊರಟ.

ಮಿರಜದ ಅಂಗಡಿಯವನು ನಾಲ್ಕು ಬಗೆಯ ಮಶೀನು ತೆಗೆದಿಟ್ಟ. ನನಗೆ ಅಲ್ಲಿ ತಲೆ ತಿರುಗಿದ್ದು ಸುಳ್ಳಲ್ಲ. ಒಂದರಲ್ಲಿ ಡೋಲಕ್ಕಿನ ದನಿ ಚೆನ್ನಾಗಿತ್ತು, ಆದರೆ ನಮ್ಮ ಕೀಬೋರ್ಡಿಗೆ ಜೋಡಿಸುವ ವಾಯರಿನ ತೂತು ಇರಲಿಲ್ಲ. ಇನ್ನೊಂದರಲ್ಲಿ ತೂತಿತ್ತು, ಡೋಲಕ್ ಮಾತ್ರ ಎಣ್ಣೆ ಡಬ್ಬಿ ಬಡಿದಂತಿತ್ತು. ಮೂರನೆಯದನ್ನು ಹಿಡಿದು ಮಧ್ಯಾಹ್ನದ ತನಕ ಕುಳಿತೆ. ಅದಕ್ಕೂ ಕೀಬೋರ್ಡಿಗೂ ಒಂದು ವಾಯರು ಹಚ್ಚಿ ಮಶೀನಿನ ಗುಂಡಿ ಒತ್ತಿದರೆ ಸಾಕು, ಕೀಬೋರ್ಡಿನೊಳಗಿನ ಬಾಸೂ ಮಶೀನಿನ ತಾಳವೂ ಕೂಡಿಯೇ ಹೊರಡುತ್ತಿದ್ದವು, ಕೂಡಿಯೇ ನಿಲ್ಲುತ್ತಿದ್ದವು. ಕೂದಲೆಳೆಯಷ್ಟೂ ಹಿಂದು ಮುಂದಾಗುತ್ತಿರಲಿಲ್ಲ. ಪ್ರತಿ ಆವರ್ತಕ್ಕೆ ಒಂದು ಕೆಂಪು ದೀಪ ಮಿಣಕ್ಕೆನ್ನುತ್ತಿತ್ತು. ಇದು ದಣಿಯುವುದಿಲ್ಲ, ಚಹಾ ಕೇಳುವುದಿಲ್ಲ, ಸಿಟ್ಟು ಮಾಡಿಕೊಂಡು ಮನೆಗೆ ಹೋಗುವುದಿಲ್ಲ ಎಂದು ಅಂಗಡಿಯವನು ಮರಾಠಿಯಲ್ಲಿ ಹೇಳಿ ನಕ್ಕ. ನಾವೂ ನಕ್ಕೆವು.

ಮರುದಿನ ಅಣ್ಣಾಸಾಬನ ಒಣದ್ರಾಕ್ಷಿ ಶೆಡ್ಡಿನಲ್ಲಿ ಅಭ್ಯಾಸಕ್ಕೆ ಕುಳಿತೆವು. ಕಾಕಾ ಮಶೀನನ್ನು ತಿರುಗಿಸಿ ಮುರುಗಿಸಿ ನೋಡಿ, ಡೋಲಕ್ಕಿಗೆ ಹಚ್ಚಿದಂತೆ ಅದಕ್ಕೂ ಚೂರು ಭಂಡಾರದ ಅರಿಶಿನ ಹಚ್ಚಿದ. ಮೊದಲ ನುಡಿ ಸುಸೂತ್ರವಾಗಿ ನಡೆಯಿತು. ಎರಡನೆಯದರಲ್ಲಿ ಕಾಕಾ ತನ್ನ ರೂಢಿಯಂತೆ ಏರಿಸಿದ. ಮಶೀನು ಏರಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಯಿತು. ಅಣ್ಣಾಸಾಬ ನಡುವೆ ಹಾಡು ನಿಲ್ಲಿಸಿದ. ಹೀಗೇ ಹದಿನೈದು ದಿನ ನಡೆಯಿತು. ಡಬ್ಬಿ ಹಿಂದೆ ಬೀಳುತ್ತಿದೆ ಎಂದು ಕಾಕಾ ಹೇಳುವುದು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ದುರಗಪ್ಪ ಬಾಯಿಯೊಳಗೆ ಗೊಣಗುವುದು. ನಿಜ ಹೇಳಬೇಕೆಂದರೆ ನೆಲವೇ ಡೊಂಕಾಗಿತ್ತು. ಕಾಕಾ ತಪ್ಪು ಬಾರಿಸುತ್ತಿರಲಿಲ್ಲ, ನಮಗೆ ಅಂಥ ಬಾರಿಸುವಿಕೆ ಬೇಡವಾಗಿತ್ತು.

ಕಾಕಾನನ್ನು ಬಿಡೋಣ ಎಂದು ಅಣ್ಣಾಸಾಬ ಒಂದು ದಿನ ನನ್ನನ್ನು ಹೊರಗೆ ಕರೆದು ಹೇಳಿದ. ಸಾವಕ್ಕನಿಗೆ ಗಂಡು ನೋಡುತ್ತಿದ್ದ ಕಾಲ ಅದು. ಒಂದೂವರೆ ಎಕರೆಯ ಸಿದರಾಯನನ್ನು ಯಾರೂ ಕೇಳುವವರಿರಲಿಲ್ಲ. ಆದರೆ ಪಾರ್ಟಿಯ ಸಿದರಾಯನೆಂದರೆ ಅಥಣಿಯ ತನಕ ಗುರುತು. ಕನ್ಯೆ ನೋಡಲು ಬಂದವರು ಅವನ ಡೋಲಕ್ಕಿನ ಮಾತೆತ್ತಿಯೇ ಜಮಖಾನದ ಮೇಲೆ ಕೂಡುತ್ತಿದ್ದರು. ಅದನ್ನು ಕಿತ್ತುಕೊಂಡರೆ ಅವನಲ್ಲಿ ಉಳಿಯುವುದು ಆಡು ಮಾತ್ರ. ಅದೂ ಅಲ್ಲದೆ ಅವನ ಎದುರು ನಿಂತು ನೀನು ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಕರುಣೆ ಎಷ್ಟು, ಹೇಡಿತನ ಎಷ್ಟು ಎಂದು ಇವತ್ತಿಗೂ ನನಗೆ ಬಿಡಿಸಿ ಹೇಳಲಾಗದು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ದಾರಿಯನ್ನು ನಾನೇ ಹುಡುಕಿದೆ. ನಮ್ಮ ಮಿಕ್ಸರಿನಲ್ಲಿ ಪ್ರತಿ ಮೈಕಿಗೂ ಎರಡು ಗುಂಡಿ. ಒಂದು, ಜನರ ಕಡೆ ಮುಖ ಮಾಡಿದ ದೊಡ್ಡ ಸ್ಪೀಕರುಗಳಿಗೆ. ಇನ್ನೊಂದು, ನುಡಿಸುವವನ ಪಕ್ಕದಲ್ಲಿಡುವ ಸಣ್ಣ ಸ್ಪೀಕರಿಗೆ, ಅವನದು ಅವನಿಗೆ ಕೇಳಲೆಂದು. ಮಿರಜದಿಂದ ಅಂಥದೊಂದು ಸಣ್ಣ ಸ್ಪೀಕರು ತಂದು ಕಾಕಾನ ಬಲಗಡೆ ಇಟ್ಟೆ. ಅವನ ಮೈಕಿನ ಎರಡನೆಯ ಗುಂಡಿಯನ್ನು ಪೂರ್ತಿ ಏರಿಸಿದೆ. ಮೊದಲನೆಯದನ್ನು ಸೊನ್ನೆಗೆ ತಂದೆ. ಮಶೀನಿನಿಂದ ಬರುವುದು ಬರೀ ಡ್ರಮ್ಮು, ಡೋಲಕ್ ನಿನ್ನದೇ ಎಂದು ಅವನಿಗೆ ಹೇಳಿದೆವು. ಹೊರಗೆ ಜನ ಕೇಳುತ್ತಿದ್ದದ್ದು ಮಶೀನಿನ ಡೋಲಕ್. ಕಾಕಾನ ಡೋಲಕ್ ಕಾಕಾನಿಗೆ ಮಾತ್ರ. ದೊಡ್ಡ ಸ್ಪೀಕರುಗಳ ಬೆನ್ನು ಅವನ ಕಡೆಗಿರುತ್ತಿದ್ದುದರಿಂದ ಅವನಿಗೆ ಅಲ್ಲಿಂದ ಬರುತ್ತಿದ್ದುದು ಬರೀ ಗುದ್ದು.

ಮೊದಲ ಕಾರ್ಯಕ್ರಮ ಮುಗಿದ ಮೇಲೆ ಕಾಕಾ ನನ್ನ ಬೆನ್ನು ತಟ್ಟಿದ. "ಇಷ್ಟ ವರ್ಷ ಬಾರಿಸೇನಿ ಖರೆ, ನನ್ನ ಡೋಲಕ್ ನನಗ ಇಷ್ಟ ಚಂದ ಕೇಳಿದ್ದ ಇದ ಮೊದಲ ನೋಡ ಭೀಮಸಿ" ಎಂದ. ನಾನು ವಾಯರು ಸುತ್ತುವ ನೆಪ ಮಾಡಿ ಕೆಳಗೆ ನೋಡಿದೆ.

ಅಲ್ಲಿಗೆ ನಿಂತಿದ್ದರೆ ಅರ್ಧ ಪಾಪ. ಕಾಕಾ ನಿಲ್ಲಿಸಲಿಲ್ಲ. ಹಾಡಿಗೂ ತನಗೂ ಕೂಡುತ್ತಿಲ್ಲವೆಂದು ಅವನಿಗೆ ಗೊತ್ತಾಗುತ್ತಿತ್ತಲ್ಲ, ಅದು ಅವನನ್ನು ಕೊರೆಯುತ್ತಿತ್ತು. ಒಂದು ದಿನ ಬಂದು ಮಶೀನನ್ನು ತನ್ನ ಕಡೆ ತಿರುಗಿಸಿಡು ಎಂದ. ಕೆಂಪು ದೀಪ ನೋಡುತ್ತ ಬಾರಿಸುತ್ತಾನಂತೆ. ಐವತ್ತೆರಡು ವರ್ಷದವನು, ಜನರ ಮುಖ ನೋಡುವುದನ್ನು ಬಿಟ್ಟು, ಉದ್ದಿನಕಾಳಿನಷ್ಟಿದ್ದ ದೀಪಕ್ಕೆ ಕಣ್ಣು ನೆಟ್ಟು ಕುಳಿತ. ಮನೆಯಲ್ಲೂ ಬಿಡಲಿಲ್ಲ. ಗೋಡೆಯ ಗಡಿಯಾರವನ್ನು ಇಳಿಸಿ ಎದುರಿಗಿಟ್ಟುಕೊಂಡು ಬಾರಿಸುತ್ತಾನೆ, ಟಿಕ್ ಟಿಕ್ ಕೇಳಿ ಕೇಳಿ ಆಡೂ ಬೇಸತ್ತಿವೆ ಎಂದು ಲಗಮವ್ವ ನಗುತ್ತ ಹೇಳಿದಳು. ಅವಳ ಜೊತೆ ನಾನೂ ನಕ್ಕೆ. ಮನೆಗೆ ಹೋಗಿ ಊಟ ಸೇರಲಿಲ್ಲ.

ಎಂಟು ತಿಂಗಳು ಹಿಡಿಯಿತು. ಕಾಗವಾಡದ ಒಂದು ಮದುವೆಯಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ, ಮೂರನೆಯ ಹಾಡಿಗೋ ನಾಲ್ಕನೆಯದಕ್ಕೋ ಕಾಕಾ ಮಶೀನಿನ ಜೊತೆ ಕೂಡಿಬಿಟ್ಟ. ಮೊದಲಿನಿಂದ ಕೊನೆಯ ತನಕ ಏರಿಸಲಿಲ್ಲ, ಇಳಿಸಲಿಲ್ಲ. ಹಾಡು ಮುಗಿದಾಗ ಬೆವರಿನ ಮುಖ ನನ್ನ ಕಡೆ ತಿರುಗಿಸಿ, ಕೂಡಿತಲ್ಲ ಎಂದು ಕಣ್ಣಿನಲ್ಲೇ ಕೇಳಿದ. ನಾನು ಹೂಂ ಎಂದು ತಲೆಯಾಡಿಸಿದೆ. ಆ ಕ್ಷಣ ನಾನು ಮಾಡಬೇಕಾಗಿದ್ದುದು ಒಂದೇ ಕೆಲಸ. ಆ ಮೊದಲನೆಯ ಗುಂಡಿಯನ್ನು ಬೆರಳಿನಿಂದ ಅರ್ಧ ತಿರುಗಿಸುವುದು. ಮಶೀನಿನ ಡೋಲಕ್ಕನ್ನು ತೆಗೆದು ಅವನದನ್ನು ಜನರಿಗೆ ಬಿಟ್ಟಿದ್ದರೂ ಏನೂ ಕೆಡುತ್ತಿರಲಿಲ್ಲ. ಮಾಡಲಿಲ್ಲ. ಅವನ ಮೈಕು ಹೊರಗೆ ಬಿಟ್ಟರೆ ಸೀಟಿ ಹೊಡೆಯಬಹುದು ಎಂದುಕೊಂಡೆ. ಮುಂದಿನ ಸಲ ನೋಡೋಣ ಎಂದುಕೊಂಡೆ. ಆಮೇಲೆ ಮರೆತೆ. ಮರೆತೆ ಎಂದು ಎಷ್ಟು ಸುಲಭವಾಗಿ ಬರೆದೆ ನೋಡಿ. ಒಬ್ಬ ಮನುಷ್ಯ ಪಕ್ಕದಲ್ಲಿ ಬೆವರು ಸುರಿಸಿ ಬಾರಿಸುತ್ತಿದ್ದಾನೆ, ಅದು ಯಾರಿಗೂ ಕೇಳುತ್ತಿಲ್ಲ ಎಂಬುದನ್ನು ನಾನು ಮರೆತಿದ್ದೆ.

ತೊಂಬತ್ತೇಳರ ಬೇಸಿಗೆಯಲ್ಲಿ ಸಾವಕ್ಕನ ಮದುವೆ ಗೊತ್ತಾಯಿತು. ಗಂಡಿನವರು ಕೊಕಟನೂರದವರು, ಕಬ್ಬಿನ ಮನೆತನ, ಕಾಕಾನಿಗಿಂತ ಸ್ಥಿತಿವಂತರು. ಗಂಡಿನ ತಂದೆ ಯಾವುದೋ ಮದುವೆಯಲ್ಲಿ ನಮ್ಮ ಪಾರ್ಟಿ ಕೇಳಿ, ಡೋಲಕ್ ಬಾರಿಸುವವನ ಮನೆ ಯಾವುದು ಎಂದು ವಿಚಾರಿಸಿಕೊಂಡು ಬಂದಿದ್ದರು. ಕಾಕಾ ಈ ಮಾತನ್ನು ಊರೆಲ್ಲ ಹೇಳಿಕೊಂಡು ತಿರುಗಿದ. ಮಗಳ ಮದುವೆಗೆ ನಾವು ಮೂವರು ಪುಕ್ಕಟೆ ನುಡಿಸುವುದೆಂದು ಆಯಿತು.

ನಮ್ಮ ಕಡೆ ಕನ್ಯೆಯ ತಂದೆ ಆ ದಿನ ಬೇರೆ ಕೆಲಸ ಮುಟ್ಟುವಂತಿಲ್ಲ. ಹಂದರದ ಬಾಗಿಲಿನಲ್ಲಿ ತಂಬಿಗೆ ಹಿಡಿದು ನಿಂತು, ಬಂದ ಬೀಗರ ಕಾಲಿಗೆ ನೀರು ಹಾಕಬೇಕು. ಹಾಗಾಗಿ ಕಾಕಾ ಬಾರಿಸುವಂತಿರಲಿಲ್ಲ. ಉಗಾರದಿಂದ ಯಾರನ್ನಾದರೂ ಕರೆಸೋಣವೇ ಎಂದು ದುರಗಪ್ಪ ಕೇಳಿದ. ನಾನೇ ಬೇಡವೆಂದೆ. ಮಗಳ ಮದುವೆಯಲ್ಲಿ ಕಾಕಾನ ಜಾಗದಲ್ಲಿ ಇನ್ನೊಬ್ಬನನ್ನು ಕೂಡಿಸುವುದು ಅವನಿಗೆ ಅವಮಾನ ಎಂದು ನನ್ನ ಎಣಿಕೆ. ಅಣ್ಣಾಸಾಬನೂ ಹೌದೆಂದ. ಕಾಕಾ ಕೂಡುವ ಜಾಗದಲ್ಲಿ, ಎಂದಿನಂತೆ ಇಟ್ಟಿದ್ದ ಅವನ ಮೈಕು ಮತ್ತು ಸಣ್ಣ ಸ್ಪೀಕರಿನ ಪಕ್ಕ, ಒಂದು ಕುರ್ಚಿ ಹಾಕಿ, ಅದರ ಮೇಲೆ ಅವನ ಡೋಲಕ್ಕನ್ನು ಇಟ್ಟು, ಭಂಡಾರ ಹಚ್ಚಿ, ಹಾರ ಹಾಕಿದೆವು. ಮೂವರೂ ದೂರ ಸರಿದು ನೋಡಿ, ಚಂದ ಕಾಣುತ್ತದೆ ಎಂದೆವು. ಮೂವರಲ್ಲಿ ಒಬ್ಬನಿಗೂ ನೆನಪಾಗಲಿಲ್ಲ.

ಹನ್ನೊಂದರ ಸುಮಾರಿಗೆ ಬೀಗರ ಟ್ರಾಕ್ಟರು ಬಂದವು. ಅಣ್ಣಾಸಾಬ ಮೈಕು ಹಿಡಿದು, ನಮ್ಮ ಪಾರ್ಟಿಯ ಸಿದರಾಯ ಇವತ್ತು ಕನ್ಯೆಯ ತಂದೆ, ಅದಕ್ಕೆ ಅವರ ಜಾಗ ಖಾಲಿ ಇದೆ, ಅವರ ಗೌರವಕ್ಕೆ ಡೋಲಕ್ ಇಟ್ಟಿದ್ದೇವೆ ಎಂದು ಹೇಳಿದ. ಜನ ಚಪ್ಪಾಳೆ ತಟ್ಟಿದರು. ಕಾಕಾ ತಂಬಿಗೆ ಹಿಡಿದವನು ಅಲ್ಲಿಂದಲೇ ಕೈ ಮುಗಿದ. ನಾನು ರೂಢಿಯ ಕೈಯಿಂದ ಮಶೀನಿನ ಗುಂಡಿ ಒತ್ತಿದೆ.

ಡೋಲಕ್ ಶುರುವಾಯಿತು. ಎರಡೂ ದೊಡ್ಡ ಸ್ಪೀಕರಿನಿಂದ, ಇಡೀ ಓಣಿಗೆ ಕೇಳುವಂತೆ.

ಎರಡು ವರ್ಷದಲ್ಲಿ ಕಾಕಾ ಆ ಸ್ಪೀಕರುಗಳ ಮುಂದೆ ನಿಂತದ್ದು ಅದೇ ಮೊದಲು. ಬಗ್ಗಿ ಬೀಗರ ಕಾಲಿಗೆ ನೀರು ಹಾಕುತ್ತಿದ್ದವನು ತಲೆಯೆತ್ತಿದ. ಮುಖದಲ್ಲಿ ನಗುವಿತ್ತು. ತನಗೆ ಹೇಳದೆ ಯಾರನ್ನೋ ಕರೆಸಿದ್ದಾರೆ, ಯಾರೋ ಚೆನ್ನಾಗಿ ಬಾರಿಸುತ್ತಿದ್ದಾನೆ ಎಂದುಕೊಂಡನೇನೋ, ಯಾರೆಂದು ಹುಡುಕುವಂತೆ ವೇದಿಕೆಯ ಕಡೆ ನೋಡಿದ. ಕುರ್ಚಿಯ ಮೇಲೆ ಅವನ ಡೋಲಕ್ ಹಾರ ಹಾಕಿಕೊಂಡು ಸುಮ್ಮನೆ ಕುಳಿತಿತ್ತು. ನಗು ಹಾಗೇ ಸ್ವಲ್ಪ ಹೊತ್ತು ಮುಖದ ಮೇಲೆ ಉಳಿಯಿತು, ತೆಗೆಯಲು ಮರೆತಂತೆ. ತಂಬಿಗೆಯ ನೀರು ಬೀಗರ ಕಾಲು ಬಿಟ್ಟು ನೆಲದ ಮೇಲೆ ಬೀಳುತ್ತಿತ್ತು.

ನನಗೆ ಆಗ ಹೊಳೆಯಿತು. ನಿಲ್ಲಿಸುವಂತಿರಲಿಲ್ಲ. ಬೀಗರು ಹಂದರದೊಳಗೆ ಕಾಲಿಡುವಾಗ ವಾದ್ಯ ನಿಂತರೆ ಅಪಶಕುನ, ಅದನ್ನು ಮುಂದೆ ಹೊರಬೇಕಾದವಳು ಸಾವಕ್ಕ. ನುಡಿಸಿದೆ.

ಬೀಗರ ಕಡೆಯ ಕೆಂಚವ್ವ ಎಂಬ ಹಣ್ಣು ಮುದುಕಿ ವೇದಿಕೆಯ ಮುಂದೆ ನಿಂತು, ಸೆರಗು ತಲೆಯ ಮೇಲೆ ಎಳೆದುಕೊಂಡು, ಡೋಲಕ್ಕಿಗೆ ಎರಡೂ ಕೈ ಮುಗಿದಳು. ಯಾರೂ ಮುಟ್ಟದೆ ತಾನೇ ನುಡಿಯುತ್ತಿದೆ, ಇದು ಎಲ್ಲವ್ವ ತಾಯಿಯದೇ ಕೆಲಸ ಎಂದಳು. ಇನ್ನಿಬ್ಬರು ಹೆಂಗಸರು ಅವಳನ್ನು ನೋಡಿ ಕೈ ಮುಗಿದರು. ಮದುಮಗನ ತಮ್ಮ ಶ್ರೀಪಾಲ ಎಂಬುವವನಿಗೆ ನಗು ತಡೆಯಲಾಗಲಿಲ್ಲ. ಅಜ್ಜಿಗೆ ಮಶೀನನ್ನು ಬೆರಳು ಮಾಡಿ ತೋರಿಸಿದ, ಈಗ ಎಲ್ಲ ಪಾರ್ಟಿಯಲ್ಲೂ ಹೀಗೇ ಎಂದು ತಿಳಿಸಿ ಹೇಳಿದ. ಆಮೇಲೆ ಕಾಕಾನ ಕಡೆ ತಿರುಗಿದ. ಅವನಿಗೆ ಚುಚ್ಚುವ ಉದ್ದೇಶವಿರಲಿಲ್ಲ, ನಿಜವಾಗಿಯೇ ತಿಳಿಯದೆ ಕೇಳಿದ.

"ಮತ್ತ ನೀವ ಏನ ಬಾರಸತಿದ್ರಿ ಮಾಮಾರ?"

ಸುತ್ತ ಬೀಗರು ನಿಂತಿದ್ದರು. ಡೋಲಕ್ಕಿನ ಹೆಸರು ಕೇಳಿ ಮನೆ ಹುಡುಕಿಕೊಂಡು ಬಂದಿದ್ದ ಗಂಡಿನ ತಂದೆಯೂ ಅಲ್ಲೇ ಇದ್ದರು. ಕಾಕಾ ಹಲ್ಲು ಕಾಣುವಂತೆ ನಕ್ಕ.

"ನಾ ಸುಮ್ನ ಕುಂತಿರತಿದ್ನಿ ತಮ್ಮಾ, ಶೋಕಿಗೆ" ಎಂದ.

ಎಲ್ಲರೂ ನಕ್ಕರು. ಗಂಡಿನ ತಂದೆಯೂ ನಕ್ಕರು, ತುಸು ತಡವಾಗಿ. ಕಾಕಾ ಮತ್ತೆ ಬಗ್ಗಿ ಮುಂದಿನವರ ಕಾಲಿಗೆ ನೀರು ಹಾಕಿದ. ಕೊನೆಯ ಬೀಗ ಒಳಗೆ ಬರುವ ತನಕ ಒಂದು ಸಲವೂ ನನ್ನ ಕಡೆ ನೋಡಲಿಲ್ಲ.

ಅಕ್ಷತೆ ಬಿದ್ದವು. ಮೊದಲ ಪಂಗತಿ ಕುಳಿತಿತು. ಅಣ್ಣಾಸಾಬನೂ ದುರಗಪ್ಪನೂ ಊಟದ ನೆಪದಲ್ಲಿ ಎದ್ದು ಹೋದರು. ನಾನು ಮಿಕ್ಸರಿನ ಹತ್ತಿರವೇ ಕುಳಿತಿದ್ದೆ. ಕಾಕಾ ವೇದಿಕೆ ಹತ್ತಿ ಬಂದ. ತಲೆಗೆ ಸುತ್ತಿದ ಹೊಸ ಪಟಕದ ಮೇಲೆ ಅಕ್ಕಿಕಾಳು ಇನ್ನೂ ಇದ್ದವು. ಡೋಲಕ್ಕನ್ನು ಎತ್ತಿ ಕೆಳಗಿಟ್ಟು ಕುರ್ಚಿಯ ಮೇಲೆ ಕುಳಿತ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಹೊಡೆದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಅವನು ತನ್ನ ಮೈಕಿನ ವಾಯರನ್ನು ಬೆರಳಲ್ಲಿ ಹಿಡಿದು ಮಿಕ್ಸರಿನ ತನಕ ಬಂದ. ಅಲ್ಲಿಂದ ಹೊರಟ ವಾಯರನ್ನು ಹಿಡಿದು ತನ್ನ ಪಕ್ಕದ ಸಣ್ಣ ಸ್ಪೀಕರಿನ ತನಕ ಹೋದ. ಓದು ಬಾರದವನು, ಆದರೂ ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಎಷ್ಟ ದಿನದಿಂದ?" ಎಂದ.

"ಮಶೀನ ಬಂದಾಗಿಂದ" ಎಂದೆ.

"ಕಾಗವಾಡದ ಲಗ್ನದಾಗ?"

"ಆವತ್ತೂ."

ತಲೆಯಾಡಿಸಿದ. ತನ್ನ ಅಂಗೈ ನೋಡಿಕೊಂಡ. ದೀಪ ನೋಡಿ ಬಾರಿಸುವುದನ್ನು ಕಲಿತ ಮೇಲೆ ಮೊದಲಿನ ಹಾಗೆ ಏರಿಸಿ ಬಾರಿಸಲು ತನಗೆ ಈಗ ಬರುವುದಿಲ್ಲ, ಮನೆಯಲ್ಲಿ ಪ್ರಯತ್ನ ಮಾಡಿ ನೋಡಿದ್ದಾಯಿತು, ಕೈ ಏರುವುದಿಲ್ಲ ಎಂದು ಹೇಳಿದ. ಬೇರೆ ಯಾರದೋ ಎತ್ತಿನ ಕಾಲು ಮುರಿದ ಸುದ್ದಿ ಹೇಳಿದಂತೆ ಹೇಳಿದ. ನಾನು ಅಳುತ್ತಿದ್ದೆ. ಅವನು ನನ್ನನ್ನು ಸಮಾಧಾನ ಮಾಡಲಿಲ್ಲ, ಅದು ನ್ಯಾಯವೇ.

ಆಮೇಲೆ ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡ.

"ಜನರಿಗಿ ಕೇಳಿಲ್ಲ, ಆತು. ನೀ ಬಾಜೂಕ ಕುಂತಿದ್ದಿ. ನೀ ಒಬ್ಬಾವರ ಕೇಳಿರಬೇಕಲ್ಲ. ಹೆಂಗ ಬಾರಿಸಿದ್ನಿ ಹೇಳ."

"ಭಾಳ ಚಲೋ ಬಾರಿಸಿದ್ದಿ ಕಾಕಾ" ಎಂದೆ.

"ಯಾವ ಹಾಡಿಗಿ?"

ನನ್ನ ಬಾಯಿಗೆ ಒಂದು ಹಾಡೂ ಬರಲಿಲ್ಲ. ಎರಡು ವರ್ಷ, ನೂರಕ್ಕೂ ಹೆಚ್ಚು ಮದುವೆ, ಪಕ್ಕದಲ್ಲೇ ಅವನು. ನಾನು ಕಿವಿ ಕೊಟ್ಟದ್ದು ಮಶೀನಿಗೆ. ಕಾಕಾ ಕಾದ. ಅವಸರ ಮಾಡಲಿಲ್ಲ, ನಿಜವಾಗಿಯೂ ಒಂದು ಹಾಡಿನ ಹೆಸರು ಬರುತ್ತದೆಂದು ನನ್ನ ಮುಖ ನೋಡುತ್ತ ಕಾದ. ಕೆಳಗೆ ಎರಡನೆಯ ಪಂಗತಿ ಕುಳಿತು, ಕನ್ಯೆಯ ತಂದೆ ಎಲ್ಲಿ ಎಂದು ಯಾರೋ ಕೂಗಿದರು. ಅವನು ಎದ್ದು, ಪಟಕ ಸರಿಮಾಡಿಕೊಂಡು, ಬೀಗರಿಗೆ ಹೋಳಿಗೆ ಬಡಿಸಲು ಇಳಿದು ಹೋದ.